ನನ್ನ ಚರ್ಮ ಲ್ಯಾಬಿನಲ್ಲಿ ಬೆಳೆಸಿ ತಂಗಿಗೆ ಹಾಕಬಹುದಾ?

ಪ್ರಶ್ನೆ: ತಂಗಿ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆಗೆ ಹೋಗುತ್ತಾಳೆ. ಗೂಡು ಬೇಯಿಸುವ ನೀರು ಚೆಲ್ಲಿ ತೊಡೆ ಸುಟ್ಟಿದೆ. ನನ್ನ ಚರ್ಮದ ಚೂರನ್ನು ಲ್ಯಾಬಿನಲ್ಲಿ ಬೆಳೆಸಿ ಅವಳಿಗೆ ಹಾಕಬಹುದಾ? ಇಬ್ಬರದೂ ಒಂದೇ ಬ್ಲಡ್ ಗ್ರೂಪ್.

ಉತ್ತರ: ಆಗುವುದಿಲ್ಲ. ಕೊಡುವವರು ಅಣ್ಣನೋ, ಅಮ್ಮನೋ, ಗಂಡನೋ, ಪತ್ರದ ಕೊನೆಗೆ ಬ್ಲಡ್ ಗ್ರೂಪ್ ಮಾತು ಇದ್ದೇ ಇರುತ್ತದೆ. ಬ್ಲಡ್ ಗ್ರೂಪ್ ಹೊಂದಿದರೆ ರಕ್ತ ಕೊಡಬಹುದು, ಸರಿ. ಚರ್ಮದ ಲೆಕ್ಕವೇ ಬೇರೆ. ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ಅವು ಬೇರೆಯಾದರೆ ಮೈ ಅದನ್ನು ಹೊರಗಿನದೆಂದು ಹಿಡಿದು ಹಾಳುಮಾಡುತ್ತದೆ. ಒಡಹುಟ್ಟಿದವರಲ್ಲಿ ಅವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೂ ಉಳಿದ ಸಣ್ಣಪುಟ್ಟ ವ್ಯತ್ಯಾಸಗಳು ಅದನ್ನು ಹಾಳುಮಾಡಲು ಸಾಕು. ತದ್ರೂಪಿ ಅವಳಿಗಳಾದರೆ ಮಾತ್ರ ಬೇರೆ ಮಾತು.

ಇದನ್ನು ನೋಡಿಯೇ ತಿಳಿದಿದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸುಟ್ಟಗಾಯದ ಹೆಣ್ಣುಮಗಳೊಬ್ಬಳಿಗೆ ಒಡಹುಟ್ಟಿದವನ ಚರ್ಮ ಹಾಕಿದರು. ಮೊದಲು ಹಿಡಿದಂತೆ ಕಂಡು ಹಾಳಾಯಿತು. ಎರಡನೇ ಸಲ ಇನ್ನೂ ಬೇಗ ಹಾಳಾಯಿತು. ಸರ್ಜನ್ ಗಿಬ್ಸನ್ ಮತ್ತು ವಿಜ್ಞಾನಿ ಮೆಡಾವರ್ 1943ರಲ್ಲಿ ಇದನ್ನು ಬರೆದರು. ಈ ದಾರಿಯಲ್ಲೇ ಮುಂದುವರಿದ ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು. ‘ಕಿಡ್ನಿ ಕೊಡ್ತಾರಲ್ವಾ’ ಅಂತೀರಿ. ಅದಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಗಾಯ ತೆರೆದಿರುವವರಿಗೆ ಆ ಮಾತ್ರೆ ಕೊಟ್ಟರೆ ಸೋಂಕಿಗೆ ಬಾಗಿಲು ತೆರೆದಂತೆ.

ಹಾಗಾಗಿ ಲ್ಯಾಬಿನಲ್ಲಿ ರೋಗಿಯ ಸ್ವಂತ ಕೋಶಗಳನ್ನೇ ಬೆಳೆಸುತ್ತಾರೆ. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ತೋರಿಸಿದ ವಿಧಾನ. ತಳದಲ್ಲಿ ವಿಭಜನೆಯಾಗದಂತೆ ಮಾಡಿದ ಇಲಿಯ ಕೋಶಗಳು, ಅವುಗಳ ಆಸರೆಯಲ್ಲಿ ಮನುಷ್ಯರ ಕೋಶಗಳು. ಸ್ಟ್ಯಾಂಪಿನಷ್ಟು ಚರ್ಮದಿಂದ ಮೂರ್ನಾಲ್ಕು ವಾರದಲ್ಲಿ ಮೈತುಂಬ ಹೊದಿಸುವಷ್ಟು ಹಾಳೆ ಸಿಗುತ್ತದೆ. ಆದರೆ ಅದು ಮೇಲ್ಪದರ ಮಾತ್ರ. ಕೂದಲಿಲ್ಲ, ಬೆವರು ಗ್ರಂಥಿಯಿಲ್ಲ, ಸುಮ್ನೆ ಉಜ್ಜಿದರೂ ಗುಳ್ಳೆ ಏಳಬಹುದು. ಮೈಯ ಬಹುಭಾಗ ಸುಟ್ಟು, ತೆಗೆಯಲು ಚರ್ಮವೇ ಉಳಿಯದವರಿಗೆ ಇದು ಬೇಕಾಗುತ್ತದೆ. ನಿಮ್ಮ ತಂಗಿಗೆ ಗ್ರಾಫ್ಟ್, ಅಂದರೆ ಚರ್ಮದ ಕಸಿ, ಬೇಕೇಬೇಕು ಅಂದರೆ, ಅವಳದೇ ಇನ್ನೊಂದು ತೊಡೆಯಿಂದ ತೆಳುಪದರ ತೆಗೆದು ಜಾಲರಿಯಂತೆ ಹಿಗ್ಗಿಸಿ ಹಾಕುತ್ತಾರೆ. ಗಾಯ ಆಳವಿಲ್ಲದಿದ್ದರೆ ಅದೂ ಬೇಡ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೇರೆಯವರ ಚರ್ಮಕ್ಕೆ ಬೆಲೆಯಿಲ್ಲ ಅಂತಲ್ಲ. ತೀರಿಕೊಂಡವರ ಚರ್ಮವನ್ನು ದೊಡ್ಡ ಗಾಯಗಳಿಗೆ ತಾತ್ಕಾಲಿಕವಾಗಿ ಹೊದಿಸುತ್ತಾರೆ. ಕೆಲವು ವಾರ ನೀರು ಸೋರುವುದನ್ನೂ ಸೋಂಕನ್ನೂ ತಡೆದರೆ ಸಾಕು, ಜೀವ ಉಳಿಯುತ್ತದೆ. ತೊಡೆ, ಬೆನ್ನಿನಿಂದ ತೆಳುಪದರ ಮಾತ್ರ ತೆಗೆಯುತ್ತಾರೆ, ಮುಖ ಮುಟ್ಟುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸಾಮಾನ್ಯವಾಗಿ ಸತ್ತ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು. ಚಿಕ್ಕಬಳ್ಳಾಪುರದ ಕಡೆಯವರು ನೆಂಟರಿಗೆಲ್ಲ ಹೇಳಿ ಮುಗಿಸಿ ಆಮೇಲೆ ನೋಡೋಣ ಅಂದರೆ ಹೊತ್ತು ಮೀರುತ್ತದೆ. ಮೊದಲು ಅಲ್ಲಿಗೆ ಫೋನ್ ಮಾಡಿ.