ಜೋಗದ ಮೇಲಿಂದ ಒಂದು ಬಕೆಟ್ ಬಿಸಿನೀರು

ಮನೆಮನೆಗೆ ಹೋಗಿ ಕರೆಂಟು, ಗ್ಯಾಸು, ಕಟ್ಟಿಗೆಯ ಲೆಕ್ಕ ಹಾಕಿ, ಎಲ್ಲಿ ಸೋರುತ್ತಿದೆ ಎಂದು ಹೇಳುವುದು ನನ್ನ ಕೆಲಸ. ಶಿರಸಿ ಹತ್ತಿರದ ಒಂದು ಮನೆಯಿಂದ ಕರೆ ಬಂತು. ಬಿಲ್ ಜಾಸ್ತಿ ಬರುತ್ತಿದೆಯಂತೆ. ಯಜಮಾನರು ಅಂಗಳದಲ್ಲೇ ಶುರು ಮಾಡಿದರು: "ಮಕ್ಕಳು ಲೈಟ್ ಆರ್ಸೋದೇ ಇಲ್ಲ ಮಾರಾಯ್ರೆ. ಪಂಪ್ ಬೇರೆ ದಿನಾ ಓಡ್ತದೆ."

ಬಚ್ಚಲಿಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಹೊಸ ಗೀಸರ್. ಕೆಳಗೆ ಹಳೇ ತಾಮ್ರದ ಹಂಡೆ, ಅದರ ಒಲೆಯೊಳಗೆ ಬೆಕ್ಕು ಬೆಚ್ಚಗೆ ಮಲಗಿತ್ತು. ಕಳ್ಳ ಅಲ್ಲೇ ಸಿಕ್ಕಿದ.

ಲೆಕ್ಕ ಸುಲಭ. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯುನಿಟ್, ಅಂದರೆ 36 ಲಕ್ಷ ಜೂಲ್. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯುನಿಟ್ ಮುಗಿಸಲು 111 ಗಂಟೆ ಉರಿಯಬೇಕು. 2000 ವ್ಯಾಟಿನ ಗೀಸರಿಗೆ ಅರ್ಧ ಗಂಟೆ ಸಾಕು. ಇನ್ನು ಪಂಪು. ಸಾವಿರ ಲೀಟರ್ ನೀರನ್ನು ಬಾವಿಯ ತಳದಿಂದ ಮಾಳಿಗೆಯ ಟ್ಯಾಂಕಿಗೆ, ಒಟ್ಟು 15 ಮೀಟರ್ ಎತ್ತಲು ಬೇಕಾದದ್ದು 0.04 ಯುನಿಟ್. ಪಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾದರೂ 0.1 ಯುನಿಟ್ ಆಸುಪಾಸು. ಆದರೆ 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 42 ಡಿಗ್ರಿಗೆ ತರಲು 0.4 ಯುನಿಟ್ ಬೇಕು. ಸಾವಿರ ಲೀಟರ್ ಎತ್ತುವ ನಾಲ್ಕು ಪಟ್ಟು!

ಇದು ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ನಾನು ಜೋಗವನ್ನು ಎಳೆದು ತರುತ್ತೇನೆ. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬೀಳುವ ನೀರಿನ ಶಕ್ತಿಯನ್ನು ಒಂದು ಹನಿಯೂ ಪೋಲಾಗದಂತೆ ಹಿಡಿದೆವು ಅಂತ ಇಟ್ಟುಕೊಳ್ಳಿ. ಆಗಲೂ ಒಂದು ಬಕೆಟ್ ಸ್ನಾನದ ನೀರು ಕಾಯಿಸಲು ಸುಮಾರು 575 ಲೀಟರ್ ನೀರು ಮೇಲಿಂದ ಧುಮುಕಬೇಕು. ಟರ್ಬೈನು, ತಂತಿಗಳ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಇನ್ನೊಂದು ತಮಾಷೆ ಹೇಳುತ್ತೇನೆ. ಅಷ್ಟೆಲ್ಲ ಅಬ್ಬರದಿಂದ ಬಿದ್ದ ನೀರು, ಆ ಶಕ್ತಿಯೆಲ್ಲ ತನ್ನಲ್ಲೇ ಉಳಿದರೂ, ಬಿಸಿಯಾಗುವುದು ಅರ್ಧ ಡಿಗ್ರಿ ಚಿಲ್ಲರೆ ಅಷ್ಟೇ. ನೀರಿಗೆ ಬಿಸಿಯ ಹಸಿವು ಅಂಥದ್ದು.

ಎತ್ತರದ ಶಕ್ತಿ ಬಿಸಿಯಾಗಿ ಹೋಗುವುದನ್ನು ಮೂಗಿನಲ್ಲೇ ತಿಳಿಯಬೇಕಾದರೆ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟಿಗೆ ಹೋಗಿ. ಒಟ್ಟು 16 ಟನ್ ತೂಗುವ ಲಾರಿ ಕುಮಟಾ ಕಡೆಗೆ 500 ಮೀಟರ್ ಇಳಿಯಿತು ಅನ್ನಿ. ಅದು ಕಳೆದುಕೊಳ್ಳುವುದು ಸುಮಾರು 22 ಯುನಿಟ್. ಗೇರು ಹಾಕಿ ಇಂಜಿನ್ ತಡೆದಷ್ಟು ತಡೆಯುತ್ತದೆ, ಉಳಿದದ್ದು ಬ್ರೇಕಿಗೆ. ತಿರುವಿನಲ್ಲಿ ಬರುವ ಆ ಸುಟ್ಟ ವಾಸನೆ ಅದೇ. ಬ್ಯಾಟರಿ ವಾಹನಗಳಾದರೆ ಇಳಿಯುವಾಗ ಇದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ತುಂಬಿಕೊಳ್ಳುತ್ತವೆ.

ಶಕ್ತಿ ಬಿಸಿಯಾಗುವುದು ಸುಲಭ, ಬಿಸಿಯಿಂದ ಮರಳಿ ಬರುವುದು ಕಷ್ಟ. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ನಡೆಯುವುದು ಆ ಕಷ್ಟದ ಕೆಲಸವೇ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಯುರೇನಿಯಂ ಪರಮಾಣು ಒಡೆದು ಬಿಸಿ, ಬಿಸಿಯಿಂದ ಹಬೆ, ಹಬೆಯಿಂದ ಟರ್ಬೈನು, ಟರ್ಬೈನಿನಿಂದ ಕರೆಂಟು. ಹುಟ್ಟಿದ ಬಿಸಿಯಲ್ಲಿ ಕರೆಂಟಾಗುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದದ್ದು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಕೈಗಾದ ತಪ್ಪಲ್ಲ ಅದು, ಹಬೆಯಿಂದ ಓಡುವ ಸ್ಥಾವರಗಳೆಲ್ಲ ಬಿಸಿಯ ದೊಡ್ಡ ಪಾಲನ್ನು ಬಿಡಲೇಬೇಕು. ಇಷ್ಟು ಕಷ್ಟಪಟ್ಟು ಮಾಡಿದ ಕರೆಂಟನ್ನು ಬಚ್ಚಲಿಗೆ ತಂದು ಮತ್ತೆ ಉಗುರುಬೆಚ್ಚಗಿನ ನೀರು ಮಾಡುವುದೆಂದರೆ, ರಾಶಿ ಅಡಿಕೆ ಕೊಟ್ಟು ಸಿಪ್ಪೆ ತಂದ ಹಾಗೆ.

ಹಾಗಾದರೆ ಬಿಸಿ ಎಲ್ಲಿಂದ ತರಬೇಕು? ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಹೊಸ ಪ್ರಶ್ನೆ ಅಲ್ಲವೇ ಅಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ. ಉಬ್ಬರದ ಹೊತ್ತಿಗೆ ನೀರು ತಾನಾಗಿ ಏರಿ ಬರುತ್ತದೆ, ಅಂದರೆ ಎತ್ತುವ ಕೆಲಸ ಚಂದ್ರನದ್ದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಒಂದು ಕೆಜಿ ಉಪ್ಪಿಗೆ 28 ಲೀಟರಿನಷ್ಟು ನೀರು ಆರಬೇಕು. ಒಂದು ಲೀಟರ್ ನೀರು ಆವಿಯಾಗಲು 0.63 ಯುನಿಟ್ ಬಿಸಿ ಬೇಕು. ಗುಣಿಸಿದರೆ, ಒಂದು ಕೆಜಿ ಉಪ್ಪಿನ ಹಿಂದೆ ಸುಮಾರು 18 ಯುನಿಟ್ ಬಿಸಿಲು! ಮೀಟರ್ ಇಲ್ಲದ್ದಕ್ಕೆ ನಮಗೆ ಅದು ಕಾಣುವುದಿಲ್ಲ. ಚಾಲಿಗೆಂದು, ಅಂದರೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆಯನ್ನು ವಾರಗಟ್ಟಲೆ ಅಂಗಳದಲ್ಲಿ ಒಣಗಿಸುವಾಗಲೂ, ಕಾರವಾರದ ದಡದಲ್ಲಿ ಮೀನು ಹರಡುವಾಗಲೂ ಇದೇ ಕೆಲಸ.

ಕಟ್ಟಿಗೆಯೂ ಕೂಡಿಟ್ಟ ಬಿಸಿಲೇ. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ನಾಲ್ಕು ಯುನಿಟಿನಷ್ಟು ಬಿಸಿ ಇದೆ. ಮೂರು ಕಲ್ಲಿನ ಒಲೆಯಲ್ಲಿ ಅದರ ಹತ್ತನೇ ಒಂದು ಪಾಲು ಪಾತ್ರೆಗೆ ಸೇರಿದರೆ ಪುಣ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಮಾಡಿದ್ದು ಇದಕ್ಕೇ. ಹಸಿ ಕಟ್ಟಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದರಲ್ಲಿರುವ ನೀರು ಆರಿಸಲು ಖರ್ಚಾಗುವ ಬಿಸಿ ಅಷ್ಟೇನೂ ದೊಡ್ಡದಲ್ಲ. ನಿಜವಾದ ನಷ್ಟ ಹೊಗೆಯಲ್ಲಿದೆ. ಬೆಂಕಿ ತಣ್ಣಗಾಗಿ, ಪೂರ್ತಿ ಉರಿಯದೇ ಉಳಿದ ಕಟ್ಟಿಗೆಯೇ ಹೊಗೆಯಾಗಿ ಮಾಡಿಗೆ ಏರುತ್ತದೆ. ಕಣ್ಣು ಉರಿಸುವುದು, ಎದೆಗೆ ಇಳಿಯುವುದು ಅದೇ.

ಗೋಬರ್ ಗ್ಯಾಸಿನ ವಿಷಯದಲ್ಲಿ ಶಿರಸಿಯವರು ಹೆಮ್ಮೆ ಪಡಬಹುದು. ಇಲ್ಲಿನ ಸ್ಥಾವರಗಳು ಕೆಡದೆ ನಡೆಯುತ್ತಿರುವುದರ ಬಗ್ಗೆ ವಿಜ್ಞಾನಿಗಳು ಪ್ರಬಂಧವನ್ನೇ ಬರೆದಿದ್ದಾರೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು. ಕೊಟ್ಟಿಗೆಯಲ್ಲಿ ದನ ಕಮ್ಮಿಯಾದಂತೆ ಒಲೆಯ ಉರಿಯೂ ಸಣ್ಣದಾಗುವುದನ್ನು ಈಗೀಗ ಕಾಣುತ್ತಿದ್ದೇನೆ.

ಅಡುಗೆಗೂ ಕರೆಂಟು ಬೇಡವೇ ಎಂದು ಕೇಳುತ್ತಾರೆ. ಅಲ್ಲಿ ನಾನು ಅಷ್ಟು ಹಟ ಮಾಡುವುದಿಲ್ಲ. ಗ್ಯಾಸಿನ ಉರಿಯಲ್ಲಿ ಬಹಳಷ್ಟು ಬಿಸಿ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಬಿಸಿ ಹುಟ್ಟುವುದೇ ಪಾತ್ರೆಯ ತಳದಲ್ಲಿ. ಹೊತ್ತುಹೊತ್ತಿಗೆ ಚಹಾ ಮಾಡುವವರಿಗೆ ಅದು ಒಳ್ಳೆಯದೇ.

ಸೋಲಾರ್ ವಾಟರ್ ಹೀಟರ್ ಹಾಕಿಸುವವರಿಗೆ ನನ್ನ ತಪ್ಪುಗಳೇ ಪಾಠ. ಶುರುವಿನ ದಿನಗಳಲ್ಲಿ ಕಾರವಾರದ ಒಂದು ಮನೆಗೆ ಮಾಮೂಲಿ ಕಬ್ಬಿಣದ ಸ್ಟ್ಯಾಂಡ್ ಕೊಡಿಸಿದ್ದೆ. ಉಪ್ಪುಗಾಳಿ ಮೂರು ಮಳೆಗಾಲದಲ್ಲಿ ಅದನ್ನು ತಿಂದು ಹಾಕಿತು. ಈಗ ಕರಾವಳಿಯಲ್ಲಿ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟರೆ ಬೇರೆ ಮಾತಿಲ್ಲ. ಘಟ್ಟದ ಮೇಲೆ ಬೇರೆ ಗೋಳು: ಮಂಗಗಳು ಗಾಜಿನ ಟ್ಯೂಬಿನ ಮೇಲೆ ಹಾರುತ್ತವೆ. ಅದಕ್ಕೆ ಬಲೆ ಕಟ್ಟಿ, ಇಲ್ಲವೇ ಚಪ್ಪಟೆ ಫಲಕದ್ದನ್ನು ಹಾಕಿಸಿ. ಪಕ್ಕದ ತೋಟದ ನೆರಳು ಚಳಿಗಾಲದಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಆ ಶಿರಸಿ ಮನೆಯಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದಾಗ, ಹಿಂದೆ ಕೂತು ಎಲೆಅಡಿಕೆಯ ಕವಳ ಹಾಕುತ್ತಿದ್ದ ಅಜ್ಜಿ ಕೇಳಿದರು: "ಅದೆಲ್ಲ ಸರಿ ತಮಾ, ಮಳೆಗಾಲದಲ್ಲಿ ಸೂರ್ಯ ಎಲ್ಲಿದ್ದ?"

ಒಳ್ಳೆಯ ಪ್ರಶ್ನೆ. ಸೋಲಾರ್ ಟ್ಯಾಂಕಿನ ನೀರು ಮೊದಲು ಹಂಡೆಗೇ ಬಂದು ಬೀಳುವಂತೆ ಪೈಪ್ ಹಾಕಿಸಿದೆವು. ಬಿಸಿಲಿದ್ದಾಗ ಹಾಗೇ ಮೀಯಬಹುದು. ಮೋಡವಿದ್ದರೆ ಹಂಡೆಯ ಕೆಳಗೆ ಅಡಿಕೆ ಸಿಪ್ಪೆ, ಒಂದೆರಡು ತೆಂಗಿನ ಮಡಲು. ಗೀಸರ್ ಗೋಡೆಯ ಮೇಲೇ ಇದೆ, ಬಿಚ್ಚಬೇಡಿ ಅಂದೆ. ನೆಂಟರು ಬಂದಾಗ ಬೇಕಾಗುತ್ತದೆ.

ಬೆಕ್ಕಿಗೆ ಮಾತ್ರ ಬೇರೆ ಜಾಗ ಹುಡುಕಬೇಕಾಯಿತು.