ಕ-ಸಾಲಾ, ಚ-ಸಾಲಾ?

1995ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ‘ಎಲ್’ ಪತ್ರಿಕೆಯ ಸಂಪಾದಕ ಝಾನ್-ಡೊಮಿನಿಕ್ ಬೋಬಿ ಅವರಿಗೆ ಸ್ಟ್ರೋಕ್ ಆಯಿತು. ಎಚ್ಚರವಾದಾಗ ಬುದ್ಧಿ ಮೊದಲಿನಷ್ಟೇ ಚುರುಕು. ಆದರೆ ಮಾತಿಲ್ಲ, ಕೈಕಾಲು ಆಡುವುದಿಲ್ಲ. ಹೇಳಿದ ಮಾತು ಕೇಳುತ್ತಿದ್ದುದು ಎಡಗಣ್ಣಿನ ರೆಪ್ಪೆ ಮಾತ್ರ. ಮಿದುಳಿನಿಂದ ಮೈಗೆ ಇಳಿಯುವ ನರಗಳ ದಾರಿ ಬುಡದಲ್ಲಿ ಹಾಳಾಗಿತ್ತು. ರೆಪ್ಪೆ ಆಡಿಸುವ ಜಾಗ ಅದಕ್ಕಿಂತ ಮೇಲಿರುವುದರಿಂದ ಅದೊಂದು ಉಳಿಯಿತು.

ಪಕ್ಕದಲ್ಲಿ ಕೂತವರು ಅಕ್ಷರ ಓದುವುದು, ಬೇಕಾದದ್ದು ಬಂದಾಗ ಇವರು ರೆಪ್ಪೆ ಬಡಿಯುವುದು. ಎ, ಬಿ, ಸಿ ಅಂತ ಹೊರಟರೆ ಎಸ್ ಸಿಗುವುದು 19ನೆಯದಾಗಿ. ಅದಕ್ಕೆ ಫ್ರೆಂಚಿನಲ್ಲಿ ಜಾಸ್ತಿ ಬಳಕೆಯಾಗುವ ಅಕ್ಷರಗಳನ್ನು ಮುಂದೆ ತಂದರು: ಇ, ಎಸ್, ಎ, ಆರ್... ಹೀಗೆ ಅವರು ಬರೆಸಿದ ಪುಸ್ತಕ 1997ರಲ್ಲಿ ಹೊರಬಂತು.

ಕನ್ನಡದಲ್ಲಾದರೆ 49 ಅಕ್ಷರ, ಮೇಲೆ ಕಾಗುಣಿತ. ಕೇಳಿದರೇ ಸುಸ್ತು, ಅಲ್ವಾ? ಆದರೆ ನಮ್ಮ ವರ್ಣಮಾಲೆ ಮೊದಲೇ ಸಾಲುಸಾಲಾಗಿ ಜೋಡಿಸಿಟ್ಟದ್ದು. ‘ನೀರು’ ಹೇಳಿಸಿ ನೋಡೋಣ. ಮೊದಲು ಬರೀ ಸಾಲು ಕೇಳಿ: ಸ್ವರನಾ? ಕ-ಸಾಲಾ? ಚ? ಟ? ತ? ರೆಪ್ಪೆ ಬಡಿಯಿತು. ಆಮೇಲೆ ಆ ಸಾಲಿನೊಳಗೆ: ತ, ಥ, ದ, ಧ, ನ. ಮತ್ತೆ ಬಡಿಯಿತು. ಇನ್ನು ಗುಣಿತ: ನ, ನಾ, ನಿ, ನೀ. ಒಟ್ಟು 14 ಸಲ ಬಾಯಿ ಬಿಟ್ಟಿರಿ. ‘ರು’ಗೂ 14. ಅ-ದಿಂದ ಒಂದೊಂದೇ ಓದುತ್ತಾ ಹೋಗಿದ್ದರೆ ಇದೇ ಪದಕ್ಕೆ 86 ಆಗುತ್ತಿತ್ತು.

ಮಹಾಪ್ರಾಣ ಬಿಟ್ಟರೆ ಇನ್ನೂ ಬೇಗ. ಹೇಗೂ ಮನೆಯಲ್ಲಿ ನಾವು ‘ಬಾಷೆ’, ‘ದನ್ಯವಾದ’ ಅನ್ನೋರೇ! ಒತ್ತಕ್ಷರಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ‘ಅ’, ‘ಕ’ ಬಂದರೆ “ಅಕ್ಕನಾ?” ಅಂತ ಕೇಳಿದರಾಯಿತು.

ಊಹಿಸಿ, ಆದರೆ ಕೇಳಿಯೇ ಮುಂದೆ ಹೋಗಿ. ಬೋಬಿ ಒಮ್ಮೆ ಕನ್ನಡಕ ಕೇಳಲು ಹೊರಟಿದ್ದರು. ಅದಕ್ಕೆ ಫ್ರೆಂಚಿನಲ್ಲಿ ‘ಲ್ಯುನೆತ್’, ಚಂದ್ರನಿಗೆ ‘ಲ್ಯುನ್’. ಎದುರಿದ್ದವರು ಅರ್ಧಕ್ಕೇ ಹಾರಿಬಿದ್ದು, ಚಂದ್ರನನ್ನು ತಗೊಂಡು ಏನು ಮಾಡ್ತೀರಿ ಅಂತ ಕೇಳಿದರಂತೆ.

ಹೌದು ಅನ್ನಲು ಒಂದು ಸಲ ರೆಪ್ಪೆ, ಇಲ್ಲ ಅನ್ನಲು ಎರಡು ಸಲ. ಇದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಮೇಲೆ ಅಭ್ಯಾಸಬಲದಿಂದ “ಕಾಫಿನಾ, ಟೀನಾ?” ಅಂತ ಕೇಳಿಬಿಡಬೇಡಿ. ಆ ಪ್ರಶ್ನೆಗೆ ರೆಪ್ಪೆಯಲ್ಲಿ ಉತ್ತರವಿಲ್ಲ. “ಕಾಫಿನಾ?” ಅನ್ನಿ. ಕಾಯಿರಿ. ಆಮೇಲೆ ಟೀ.