ಬೇಲಿಗೆ ಗಿಡ ಹಚ್ಚುವ ಮುನ್ನ ಒಳಗಿನ ಬೆಳೆಯನ್ನು ನೋಡಿ

ಮುಂಗಾರು ಹತ್ತಿರವಾದಂತೆ ವಿಜಯಪುರ, ಬಾಗಲಕೋಟೆ ಭಾಗದ ತೋಟಗಾರರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಬೇಲಿಗುಂಟ ಯಾವ ಗಿಡ ಹಚ್ಚಬೇಕು ಎಂಬುದು. ಬೇಗ ಬೆಳೆಯಬೇಕು, ದನ ನುಗ್ಗಬಾರದು, ಹೆಚ್ಚು ನೀರು ಬೇಡಬಾರದು ಎಂಬ ಮೂರು ಬೇಡಿಕೆಗಳನ್ನು ಎಲ್ಲರೂ ಮುಂದಿಡುತ್ತಾರೆ. ಬೇಲಿಯ ಒಳಗೆ ಯಾವ ಬೆಳೆ ಇದೆ ಎಂಬುದನ್ನು ಮಾತ್ರ ನಾನಾಗಿ ಕೇಳಿದಾಗಲೇ ಹೇಳುತ್ತಾರೆ. ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಅನುಭವದ ಮಾತು.

ಇಂಡಿ ತಾಲ್ಲೂಕಿನ ಒಂದು ಲಿಂಬೆ ತೋಟದಲ್ಲಿ ಎಳೆ ಚಿಗುರು ಮೇಲಿಂದ ಮೇಲೆ ಮುರುಟಿಕೊಳ್ಳುತ್ತಿತ್ತು. ಔಷಧ ಹೊಡೆದಾಗ ಕಡಿಮೆಯಾಗಿ, ಹೊಸ ಚಿಗುರು ಬರುತ್ತಲೇ ಮತ್ತೆ ಅದೇ ಸ್ಥಿತಿ. ಬೇಲಿಯ ಉದ್ದಕ್ಕೂ ಕರಿಬೇವು ದಟ್ಟವಾಗಿ ಬೆಳೆದಿತ್ತು. "ಒಗ್ಗರಣಿಗೂ ಆಗ್ತೈತಿ, ಬೇಲಿನೂ ಆಗ್ತೈತಿ ಅಂತ ಹಚ್ಚೀನ್ರಿ ಸಾಹೇಬ್ರ" ಎಂದರು ರೈತರು. ಅದರ ಒಂದು ಎಳೆ ಕುಡಿಯನ್ನು ಬಗ್ಗಿಸಿ ಮಸೂರದಡಿ ಹಿಡಿದಾಗ, ಎಲೆಯ ಬುಡದಲ್ಲಿ ಹಳದಿ ಬಣ್ಣದ ಚಪ್ಪಟೆ ಮರಿಗಳು ಒತ್ತಾಗಿ ಕುಳಿತು, ಮೇಣದಂಥ ಬಿಳಿ ಎಳೆಗಳನ್ನು ಸ್ರವಿಸುತ್ತಿದ್ದವು; ಪಕ್ಕದಲ್ಲೇ ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕುಳಿತ, ಮೂರು ಮಿಲಿಮೀಟರಿನಷ್ಟು ಉದ್ದದ ಕಂದು ಕೀಟಗಳಿದ್ದವು. ಅದು ಸಿಲ್ಲಾ ಕೀಟ. ಲಿಂಬೆ, ಕಿತ್ತಳೆ, ಮೋಸಂಬಿಗಳಿಗೆ, ಎಲೆ ಹಳದಿಯಾಗಿ ಗಿಡವೇ ಸೊರಗುವ ಗ್ರೀನಿಂಗ್ ರೋಗವನ್ನು ಹರಡುವ ಈ ಕೀಟಕ್ಕೆ ಕರಿಬೇವು ಅತ್ಯಂತ ಪ್ರಿಯವಾದ ಆಸರೆ. ಒಳಗಿನ ಗಿಡಗಳಿಗೆ ಔಷಧ ಹೊಡೆದು ಬೇಲಿಯನ್ನು ಹಾಗೆಯೇ ಬಿಟ್ಟದ್ದರಿಂದ ಪ್ರತಿ ಚಿಗುರಿಗೂ ಹೊಸ ಕೀಟಗಳು ಬಂದು ಸೇರುತ್ತಿದ್ದವು. ಬಿಳಿ ಹೂವಿನ ಚೆಲುವಿಗಾಗಿ ನರ್ಸರಿಗಳಲ್ಲಿ ಕೊಡುವ ಕಾಮಿನಿ ಗಿಡವೂ ಕರಿಬೇವಿನ ಸಮೀಪದ ಸಂಬಂಧಿಯೇ ಆದ್ದರಿಂದ ಲಿಂಬೆ ತೋಟದ ಅಂಚಿಗೆ ಅದೂ ಬೇಡ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಇದೇ ಎಚ್ಚರವನ್ನು ದಾಸವಾಳದ ವಿಷಯದಲ್ಲಿ ವಹಿಸಬೇಕು. ದ್ರಾಕ್ಷಿ ಗೊನೆಗಳನ್ನು ಅಂಟಂಟು ಮಾಡಿ ಕಪ್ಪು ಬೂಷ್ಟಿಗೆ ದಾರಿ ಮಾಡುವ ಗುಲಾಬಿ ಬಣ್ಣದ ಹಿಟ್ಟು ತಿಗಣೆ ದಾಸವಾಳದ ಮೇಲೂ ಸೊಂಪಾಗಿ ಬೆಳೆಯುತ್ತದೆ. ಇರುವೆಗಳು ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ. ಪೂಜೆಗೆಂದು ಮನೆಯ ಮುಂದೆ ಒಂದೆರಡು ಗಿಡ ಇರಲಿ, ಆದರೆ ಬಳ್ಳಿಯ ಸಾಲಿಗೆ ಹೊಂದಿಕೊಂಡು ದಾಸವಾಳದ ಬೇಲಿ ಬೇಡವೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ದಾಳಿಂಬೆ ಬೆಳೆಗಾರರು ಬೇಲಿಯ ಗಿಡಕ್ಕಿಂತ ಅದಕ್ಕೆ ಹಬ್ಬಿದ ಬಳ್ಳಿಯನ್ನು ನೋಡಬೇಕು. ಮಾಗುತ್ತಿರುವ ಹಣ್ಣಿಗೆ ರಾತ್ರಿ ಹೊತ್ತಿನಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತು ಮಾಡಿ ರಸ ಹೀರುವ ಪತಂಗದ ಮರಿಹುಳು ದಾಳಿಂಬೆಯ ಮೇಲೆ ಬೆಳೆಯುವುದೇ ಇಲ್ಲ. ಅದು ಅಮೃತಬಳ್ಳಿ, ದಾಗಡಿ ಬಳ್ಳಿಗಳ ಎಲೆಯನ್ನು ತಿಂದು ದೊಡ್ಡದಾಗುತ್ತದೆ. ಹೀಗಾಗಿ ಹಣ್ಣಿಗೆ ಎಷ್ಟು ಸಿಂಪರಣೆ ಮಾಡಿದರೂ ಮರಿಹುಳುವಿಗೆ ಅದು ತಾಗದು. ಅಮೃತಬಳ್ಳಿ ಔಷಧೀಯ ಬಳ್ಳಿಯೆಂಬ ಗೌರವ ನನಗೂ ಇದೆ. ಆದರೆ ಅದರ ಜಾಗ ದಾಳಿಂಬೆ ತೋಟದ ಬೇಲಿಯಲ್ಲ. ಬಳ್ಳಾರಿ ಜಾಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಕಾಯಿ ತಿಂದ ದನಗಳ ಸಗಣಿಯ ಮೂಲಕ ಬೀಜ ಹೊಲದ ತುಂಬ ಹರಡುವುದನ್ನು ನಮ್ಮ ರೈತರು ಕಂಡಿದ್ದಾರೆ.

ಹಾಗಾದರೆ ಯಾವುದನ್ನು ಹಚ್ಚಬೇಕು ಎಂದರೆ, ನನ್ನ ಮೊದಲ ಆಯ್ಕೆ ಕವಳಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆಯ ಗರಸು ನೆಲದಲ್ಲೂ ಅದು ವರ್ಷವಿಡೀ ಹಸಿರಾಗಿರುತ್ತದೆ, ಗಟ್ಟಿ ಮುಳ್ಳಿನಿಂದ ದನಗಳನ್ನು ತಡೆಯುತ್ತದೆ, ಕಾಯಿ ಉಪ್ಪಿನಕಾಯಿಗೆ ಬರುತ್ತದೆ. ಬೀಜದ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ ಮಾಗಿದ ಹಣ್ಣಿನ ಬೀಜವನ್ನು ತೆಗೆದ ಕೂಡಲೇ ಚೀಲಗಳಲ್ಲಿ ಬಿತ್ತಬೇಕು. ಮುಂದಿನ ಮುಂಗಾರಿಗೆ ಆ ಸಸಿಗಳನ್ನು ಎರಡು ಅಡಿ ಅಂತರದಲ್ಲಿ, ಒಂದರ ಸಂದಿಗೆ ಇನ್ನೊಂದು ಬರುವಂತೆ, ಎರಡು ಸಾಲಾಗಿ ನೆಡಬೇಕು. ದನಗಳ ಕಾಟವಿಲ್ಲದ ಕಡೆ, ಮರೆ ಮಾತ್ರ ಬೇಕೆಂದರೆ ಗೋರಂಟಿ ಸಾಕು. ಬರವನ್ನು ತಾಳುವುದರಲ್ಲಿ ಅದೂ ಹಿಂದೆ ಬೀಳುವುದಿಲ್ಲ.

ಕವಳಿಯ ಬೇಲಿ ಬಿಗಿಯಾಗಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ತಂತಿ ಬೇಲಿಯನ್ನು ಕೀಳಬಾರದು. ಸಸಿ ಮೊಣಕಾಲೆತ್ತರ ಬಂದಾಗ ನೆಲದಿಂದ ಒಂದು ಅಡಿಗೆ ಕತ್ತರಿಸಬೇಕೆಂದರೆ ಅನೇಕರ ಕೈ ಹಿಂಜರಿಯುತ್ತದೆ. ಆದರೆ ಹಾಗೆ ಕತ್ತರಿಸದೆ ಬಿಟ್ಟ ಬೇಲಿ ಮೇಲೆ ಹರಡಿ ಬುಡದಲ್ಲಿ ಖಾಲಿಯಾಗುತ್ತದೆ; ಆಡು, ಹಂದಿಗಳು ನುಸುಳುವುದು ಆ ಸಂದಿಯಿಂದಲೇ. ಬೇಲಿಗೂ ಬೆಳೆಯ ಮೊದಲ ಸಾಲಿಗೂ ನಡುವೆ ಕನಿಷ್ಠ ಆರು ಅಡಿ ಬಿಟ್ಟರೆ ಬೇರುಗಳ ಪೈಪೋಟಿ ತಗ್ಗುತ್ತದೆ ಮತ್ತು ಹಬ್ಬಿದ ಬಳ್ಳಿಗಳನ್ನು ಕಿತ್ತು ಹಾಕಲು ಒಬ್ಬ ಆಳು ಆರಾಮವಾಗಿ ಓಡಾಡಬಹುದು.